ಚಾದರದ ಆಚೆ ಕಡೆಯ ನವಿಲು

ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ಸೋಲಾಪುರದ ಒಂದು ಕಾಲೇಜಿನಲ್ಲಿ ನಾನು ಇಪ್ಪತ್ತೇಳು ವರ್ಷದಿಂದ ಸಾವಯವ ರಸಾಯನಶಾಸ್ತ್ರ ಕಲಿಸುತ್ತಿದ್ದೇನೆ. ಅದರಲ್ಲೂ ಅಣುಗಳ ಆಕಾರ ನನ್ನ ಖಾಸ್ ವಿಷಯ. ಹುಡುಗರು ಬೆನ್ನ ಹಿಂದೆ ನನ್ನನ್ನು 'ಆಕಾರ ಸರ್' ಎನ್ನುತ್ತಾರೆಂದು ಗೊತ್ತು. ಅದು ನನ್ನ ಹೊಟ್ಟೆ ನೋಡಿ ಇಟ್ಟ ಹೆಸರಲ್ಲ ಎಂದು ನಂಬಿಕೊಂಡಿದ್ದೇನೆ. ತಪ್ಪೊಪ್ಪಿಗೆ ಏನೆಂದರೆ, ಇಷ್ಟು ವರ್ಷದಲ್ಲಿ ಕಾಗದದ ಮೇಲೆ ಬರೆದ ಒಂದೇ ಒಂದು ಅಣುವೂ ನನ್ನ ಕಣ್ಣ ಮುಂದೆ ಎದ್ದು ನಿಂತಿಲ್ಲ.

ಇದೇನು ಅಂಥ ದೊಡ್ಡ ಸಂಕಟ ಎಂದು ನೀವು ಕೇಳಬಹುದು. ಒಂದು ಹಾಳೆ ತೆಗೆದುಕೊಂಡು ಏರಿ ಇಳಿಯುವ ಒಂದು ಅಂಕುಡೊಂಕಿನ ಗೆರೆ ಎಳೆಯಿರಿ. ಅಣುವಾಯಿತು. ಗೆರೆ ಬಾಗುವ ಪ್ರತಿ ಮೂಲೆಯಲ್ಲೂ, ಎರಡೂ ತುದಿಗಳಲ್ಲೂ ಒಂದೊಂದು ಇಂಗಾಲದ ಪರಮಾಣು ಕೂತಿದೆ ಎಂದು ತಿಳಿದುಕೊಳ್ಳಬೇಕು, ಆದರೆ ಅದರ ಹೆಸರು ಬರೆಯುವಂತಿಲ್ಲ. ಅದಕ್ಕೆ ಅಂಟಿಕೊಂಡ ಜಲಜನಕಗಳನ್ನಂತೂ ಕೇಳುವವರೇ ಇಲ್ಲ, ಇವೆ ಎಂದು ನಂಬಿ ಮುಂದೆ ಹೋಗಬೇಕು. ನಮ್ಮವ್ವ ಅಪ್ಪನ ಹೆಸರು ಹೇಳುತ್ತಿರಲಿಲ್ಲ. ರೇಶನ್ ಅಂಗಡಿಯಲ್ಲಿ ಯಾರಾದರೂ ಕೇಳಿದರೆ ನನ್ನನ್ನು ಮುಂದಕ್ಕೆ ತಳ್ಳುತ್ತಿದ್ದಳು. ಮದುವೆ ಮನೆಯಲ್ಲಿ ಹೆಂಗಸರೆಲ್ಲ ಗಂಡನ ಹೆಸರು ಸೇರಿಸಿ ಒಡಪು ಹಾಕು ಎಂದು ಗಂಟು ಬಿದ್ದಾಗ ಮಾತ್ರ ಆ ಹೆಸರು ಒಂದು ಸಲ ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತಿತ್ತು. ಆದರೂ ಮನೆಯ ಪ್ರತಿ ಮಾತೂ ಅಪ್ಪನ ಸುತ್ತಲೇ ತಿರುಗುತ್ತಿತ್ತು. ಗೆರೆಚಿತ್ರದಲ್ಲಿ ಇಂಗಾಲದ ಸಂಸಾರವೂ ಹೀಗೆಯೇ ನಡೆಯುತ್ತದೆ.

ಇಲ್ಲಿಯವರೆಗೆ ನನಗೆ ತಕರಾರಿಲ್ಲ. ತಕರಾರು ಶುರುವಾಗುವುದು ಅಣು ಚಪ್ಪಟೆಯಲ್ಲ ಎನ್ನುವಲ್ಲಿ. ಇಂಗಾಲಕ್ಕೆ ನಾಲ್ಕು ಕೈ. ಕಾಗದದ ಮೇಲೆ ಎರಡು ಕೈ ಮಲಗಿದರೆ, ಒಂದು ನಮ್ಮ ಮೂಗಿನ ಕಡೆ ಚಾಚುತ್ತದೆ, ಇನ್ನೊಂದು ಕಾಗದ ತೂರಿ ಹಿಂದೆ ಹೋಗುತ್ತದೆ. ನಮ್ಮ ಕಡೆ ಬರುವ ಕೈಗೆ ಬಡಿಗನ ಬೆಣೆಯ ಹಾಗೆ ಅಗಲವಾಗುತ್ತ ಹೋಗುವ ದಪ್ಪ ಗೆರೆ. ಹಿಂದೆ ಹೋಗುವ ಕೈಗೆ ತುಂಡು ತುಂಡು ಗೆರೆ. ಈ ಎರಡು ಗುರುತು ನೋಡಿದ ಕೂಡಲೇ ಅಣು ಕಾಗದ ಬಿಟ್ಟು ಎದ್ದು ನಿಲ್ಲಬೇಕು ಎಂದು ಪುಸ್ತಕ ಹೇಳುತ್ತದೆ. ನನ್ನ ಪಾಲಿಗೆ ಬೆಣೆ ಬೆಣೆಯಾಗಿಯೇ ಇರುತ್ತದೆ, ತುಂಡುಗೆರೆ ತುಂಡುಗೆರೆಯಾಗಿಯೇ. ನಾನು ನಿಯಮ ಬಾಯಿಪಾಠ ಮಾಡಿಕೊಂಡು ಸಂಸಾರ ನಡೆಸಿದವನು.

ತರಗತಿಯಲ್ಲಿ ಮಾತ್ರ ನನ್ನ ನಾಟಕ ಜೋರು. ಒಂದು ಕೈ ಮೇಲೆತ್ತಿ, ಒಂದು ಕೈ ಹಿಂದೆ ತಿರುಚಿ, ಒಂದು ಕಾಲು ಮುಂದಿಟ್ಟು ನಾನೇ ಇಂಗಾಲವಾಗಿ ನಿಲ್ಲುತ್ತಿದ್ದೆ. ಆಮೇಲೆ ಕಣ್ಣು ಮುಚ್ಚಿ, "ಈಗ ನೋಡಿ, ಈ ಗುಂಪು ನಿಮ್ಮ ಕಡೆ ಬರುತ್ತಿದೆ, ಕಾಣಿಸಿತೇ?" ಎಂದು ಮರಾಠಿಯಲ್ಲಿ ಕೇಳುತ್ತಿದ್ದೆ. ಅರವತ್ತು ತಲೆ ಒಟ್ಟಿಗೆ ಅಲ್ಲಾಡುತ್ತಿದ್ದವು. ಆ ತಲೆಗಳನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಇಷ್ಟು ಜನಕ್ಕೆ ಕಾಣುವುದು ನನಗೊಬ್ಬನಿಗೇ ಯಾಕೆ ಕಾಣುವುದಿಲ್ಲ ಎಂದು ಎಷ್ಟೋ ಸಲ ಸ್ಕೂಟರ್ ಮೇಲೆ ಮನೆಗೆ ಬರುವಾಗ ಯೋಚಿಸಿದ್ದೇನೆ.

ಎಲ್ಲಕ್ಕಿಂತ ಅವಮಾನದ ವಿಷಯವೆಂದರೆ ಮೂಗಿಗೆ ಇದೆಲ್ಲ ತಾನಾಗಿ ಗೊತ್ತು. ಪುದೀನಾದ ಒಂದು ಜಾತಿಯಲ್ಲೂ ಸಬ್ಬಸಗಿ ಬೀಜದಲ್ಲೂ ಇರುವ ವಾಸನೆಯ ಅಣು ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ನಮ್ಮ ಎಡಗೈ ಬಲಗೈಗಿರುವಷ್ಟು. ಕನ್ನಡಿಯಲ್ಲಿ ಒಂದರ ಬಿಂಬ ಇನ್ನೊಂದು. ಕಾಗದದ ಮೇಲೆ ಒಂದು ಬೆಣೆ ಇದ್ದಲ್ಲಿ ತುಂಡುಗೆರೆ ಎಳೆದರೆ ಪುದೀನಾ ಹೋಗಿ ಸಬ್ಬಸಗಿ ಬರುತ್ತದೆ. ನನ್ನ ಹೆಂಡತಿ ಸಬ್ಬಸಗಿ ಪಲ್ಯ ಮಾಡಿದರೆ ನಾನು ಗೇಟಿನಲ್ಲೇ ಹೇಳುತ್ತೇನೆ. ಅಂದರೆ ಎಡ ಬಲ ಗುರುತಿಸುವ ವಿದ್ಯೆ ನನ್ನ ಮೂಗಿನವರೆಗೆ ಬಂದಿದೆ, ಅಲ್ಲಿಂದ ಎರಡು ಬೆರಳು ಮೇಲಿರುವ ಕಣ್ಣಿಗೆ ಮುಟ್ಟಿಲ್ಲ.

ಸಮಾಧಾನಕ್ಕೆ ಹಳೆಯ ಕಥೆಯೊಂದು ನೆನಪಿಸಿಕೊಳ್ಳುತ್ತೇನೆ. ಇಂಗಾಲದ ಕೈಗಳು ನಾಲ್ಕು ದಿಕ್ಕಿಗೆ ಚಾಚಿವೆ ಎಂದು ಯುರೋಪಿನಲ್ಲಿ ಮೊದಲು ಬರೆದವರಲ್ಲಿ ಒಬ್ಬ ಇನ್ನೂ ಹರೆಯದವನು, ದನ ಕುದುರೆ ವೈದ್ಯರ ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದವನು. ಅವನು ರಟ್ಟಿನಲ್ಲಿ ಪುಟ್ಟ ಪುಟ್ಟ ಆಕಾರ ಮಾಡಿ ಪಂಡಿತರಿಗೆ ಕಳಿಸಿದ. ಆ ಕಾಲದ ದೊಡ್ಡ ಪಂಡಿತರೊಬ್ಬರು ಸಿಟ್ಟಾಗಿ, ಈತ ತನ್ನ ಶಾಲೆಯ ಲಾಯದಿಂದ ರೆಕ್ಕೆಯ ಕುದುರೆ ಹತ್ತಿ ಹಾರುತ್ತಿದ್ದಾನೆ ಎಂಬ ಅರ್ಥ ಬರುವ ಹಾಗೆ ಗೇಲಿ ಮಾಡಿದರು. ಇದನ್ನು ಪ್ರತಿವರ್ಷ ತರಗತಿಯಲ್ಲಿ ಹೇಳಿ ಆ ಪಂಡಿತರನ್ನು ನೋಡಿ ನಗುತ್ತಿದ್ದೆ. ನಗುವುದು ಸುಲಭವಿತ್ತು, ಅವರು ಸತ್ತು ಬಹಳ ವರ್ಷವಾಗಿತ್ತು.

ಈ ವರ್ಷ ಸಪ್ಟೆಂಬರಿನಲ್ಲಿ ಎರಡನೇ ವರ್ಷದ ಬಿ.ಎಸ್ಸಿ.ಗೆ ಒಂದು ಸಣ್ಣ ಪರೀಕ್ಷೆ ಕೊಟ್ಟೆ. ಬಲಗೈಯದು ಎಂಬ ಗುರುತಿನ ಸಹಿತ ಒಂದು ಅಣುವಿನ ಹೆಸರು ಕೊಟ್ಟು ಗೆರೆಚಿತ್ರ ಬರೆಯಲು ಹೇಳಿದ್ದೆ. ನಾಲ್ಕೇ ಇಂಗಾಲದ ಅಂಕುಡೊಂಕು ಗೆರೆ. ನನ್ನ ಉತ್ತರದಲ್ಲಿ ಎಡಗಡೆಯಿಂದ ಎರಡನೇ ಮೂಲೆಗೆ ಆಮ್ಲಜನಕದ ಗುಂಪು ಬೆಣೆಯ ಮೇಲೆ ಕೂತಿತ್ತು, ನಮ್ಮ ಕಡೆ ಮುಖ ಮಾಡಿ. ಎಲ್ಲರೂ ಹಾಗೇ ಬರೆದಿದ್ದರು, ಇಲ್ಲವೇ ಬರೆದಿರಲಿಲ್ಲ. ರೇಣುಕಾ ಎನ್ನುವ ಹುಡುಗಿಯ ಹಾಳೆಯಲ್ಲಿ ಮಾತ್ರ ಆ ಗುಂಪು ಬಲಗಡೆಯಿಂದ ಎರಡನೇ ಮೂಲೆಯಲ್ಲಿತ್ತು, ಅದೂ ತುಂಡುಗೆರೆಯ ಮೇಲೆ. ಸರಪಳಿಯನ್ನು ಆ ತುದಿಯಿಂದ ಬರೆದಿದ್ದಾಳೆ, ಅದಕ್ಕೆ ದೋಷವಿಲ್ಲ ಎಂದುಕೊಂಡೆ. ಆದರೆ ಬೆಣೆ ಹೋಗಿ ತುಂಡುಗೆರೆ ಬಂದಿದೆಯಲ್ಲ, ಅಂದಮೇಲೆ ಬಲಗೈ ಕೇಳಿದರೆ ಎಡಗೈ ಕೊಟ್ಟಿದ್ದಾಳೆ. ಕೆಂಪು ಪೆನ್ನಿನಲ್ಲಿ ಎರಡು ಓರೆ ಗೆರೆಯ ಕಾಟು ಹಾಕಿ ಮುಂದಿನ ಹಾಳೆಗೆ ಹೋದೆ.

ರೇಣುಕಾ ಗಡಿಯ ಹಳ್ಳಿ ಭಂಡಾರಕವಠೆಯ ಒಕ್ಕಲು ಮನೆತನದವಳು, ನನ್ನ ಹಾಗೆಯೇ ಮನೆಮಾತು ಕನ್ನಡ. ಇಲ್ಲಿ ಮಾವಶಿಯ, ಅಂದರೆ ಚಿಕ್ಕವ್ವನ, ಮನೆಯಲ್ಲಿದ್ದು ಓದುತ್ತಾಳೆ. ತರಗತಿಯಲ್ಲಿ ಪ್ರಶ್ನೆ ಕೇಳುವವಳು ಅವಳೊಬ್ಬಳೇ ಎಂದರೂ ನಡೆಯುತ್ತದೆ. ಮುಂದಿನ ವರ್ಷ ರಸಾಯನಶಾಸ್ತ್ರವನ್ನೇ ಮುಖ್ಯ ವಿಷಯ ಮಾಡಿಕೊಳ್ಳುತ್ತೇನೆ ಎಂದು ಎಲ್ಲರಿಗೂ ಹೇಳಿಕೊಂಡಿದ್ದವಳು. ಮರುದಿನ ತಿದ್ದಿದ ಹಾಳೆ ಹಿಡಿದು ಸ್ಟಾಫ್ ರೂಮಿಗೆ ಬಂದಳು. ಮೊದಲು "ಸರ್, ಹೇ ತೇಚ್ ಆಹೆ" ಎಂದಳು, ಇದೂ ಅದೇ ಎಂದು. ಇಬ್ಬರು ಸಹೋದ್ಯೋಗಿಗಳು ಚಹಾದ ಕಪ್ಪಿನಿಂದ ತಲೆ ಎತ್ತಿದರು. ಅವಳು ದನಿ ತಗ್ಗಿಸಿ ಕನ್ನಡಕ್ಕೆ ಇಳಿದಳು.

"ಸರ್, ನಾ ಮಾಡಿ ನೋಡೀನ್ರಿ. ಈ ಕಡಿಂದ ನೋಡಿದ್ರ ನನ್ನ ಚಿತ್ರ ಐತಿ, ಆ ಕಡಿಂದ ನೋಡಿದ್ರ ನಿಮ್ದು ಐತಿ."

ಚೀಲದಿಂದ ಅವಳು ತೆಗೆದಿದ್ದು ಒಂದು ಆಟಿಕೆ. ನಮ್ಮ ಕಡೆ ಮಕ್ಕಳು ಜೋಳದ ದಂಟು ಸುಲಿದು ಒಳಗಿನ ಬೆಂಡನ್ನು ತುಂಡು ಮಾಡಿ, ಹೊರಗಿನ ಸಿಬಿರು ಚುಚ್ಚಿ ಬಂಡಿ ಮಾಡುತ್ತಾರೆ. ಊರಿಗೆ ಹೋದಾಗ ಬಣವಿಯಿಂದ ಎಳೆದು ತಂದ ದಂಟಿನಲ್ಲಿ ಇವಳು ಬಂಡಿಯ ಬದಲು ಅಣು ಮಾಡಿದ್ದಳು. ಇಂಗಾಲದ ಬೆಂಡಿಗೆ ಕಾಡಿಗೆ ಹಚ್ಚಿದ್ದಳು, ಆಮ್ಲಜನಕಕ್ಕೆ ಕುಂಕುಮ, ಜಲಜನಕಗಳು ಬೆಂಡಿನ ಸ್ವಂತ ಬಿಳಿ ಬಣ್ಣದಲ್ಲೇ ಇದ್ದವು. ದುಡ್ಡು ಕೊಟ್ಟು ತರಿಸಿದ ಕಾಲೇಜಿನ ಮಾಡೆಲ್ ಪೆಟ್ಟಿಗೆ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿತ್ತು, ಕೀಲಿ ನನ್ನ ಹತ್ತಿರವೇ ಇತ್ತು.

ನಾನು ಮಾಡಬೇಕಿದ್ದುದು ಇಷ್ಟೇ, ಎದ್ದು ಟೇಬಲ್ಲಿನ ಆ ಕಡೆ ಹೋಗಿ ಬಗ್ಗಿ ನೋಡಬೇಕಿತ್ತು. ನಾಲ್ಕು ಹೆಜ್ಜೆ. ಆದರೆ ಎದ್ದು ನೋಡಿದರೂ ನನಗೆ ಕಾಣದಿದ್ದರೆ? ಸಹೋದ್ಯೋಗಿಗಳ ಮುಂದೆ, ಆಕಾರ ಸರ್ ಒಂದು ಬೆಂಡಿನ ಸುತ್ತ ಪ್ರದಕ್ಷಿಣೆ ಹಾಕುವುದು ಹೇಗಿರುತ್ತದೆ? ಹೆದರಿಕೆಯಾಯಿತು. ಹೆದರಿದ ಮಾಸ್ತರ ಮಾಡುವುದನ್ನೇ ನಾನೂ ಮಾಡಿದೆ.

"ಬೆಂಡಿನ ಆಟ ಪರೀಕ್ಷಾದಾಗ ನಡಿಯೂದಿಲ್ಲವ್ವಾ. ಬೆಣೆ ಇದ್ದಲ್ಲಿ ತುಂಡುಗೆರಿ ಬಂತಂದ್ರ ಅಣು ಬ್ಯಾರೆ. ನಿಯಮ ಪಾಠ ಮಾಡು" ಎಂದೆ.

ಅವಳು ವಾದ ಮಾಡಲಿಲ್ಲ. "ಹೂಂ ರಿ" ಎಂದು ಅಣುವನ್ನು ಅಲ್ಲೇ ಬಿಟ್ಟು ಹೋದಳು. ಆಮೇಲಿನ ಎರಡು ವಾರ ತರಗತಿಯಲ್ಲಿ ಅವಳಿಂದ ಒಂದು ಪ್ರಶ್ನೆಯೂ ಬರಲಿಲ್ಲ. ನಾನು ಕಣ್ಣು ಮುಚ್ಚಿ ಕಾಣಿಸಿತೇ ಎಂದು ಕೇಳಿದಾಗ ಅವಳ ತಲೆಯೂ ಎಲ್ಲರ ಜೊತೆ ಅಲ್ಲಾಡತೊಡಗಿತು. ಒಂದು ದಿನ ಸಸ್ಯಶಾಸ್ತ್ರದ ಮೇಡಂ ಖುಷಿಯಿಂದ, ನಿಮ್ಮ ರೇಣುಕಾ ಮುಂದಿನ ವರ್ಷಕ್ಕೆ ನಮ್ಮ ವಿಷಯದ ಫಾರ್ಮು ತೆಗೆದುಕೊಂಡಿದ್ದಾಳೆ ಎಂದು ಹೇಳಿದರು. ಒಳ್ಳೆಯದಾಯಿತು ಎಂದೆ.

ಆ ಭಾನುವಾರ ಅಕ್ಕಲಕೋಟಕ್ಕೆ ಅಕ್ಕನ ಮನೆಗೆ ಹೋದೆ. ನವರಾತ್ರಿಯ ಘಟ ಕೂರಿಸುವ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಒಗೆಯಬೇಕೆಂಬುದು ಅಕ್ಕನ ಕಾನೂನು, ಒಣಗಿದ್ದನ್ನು ಮಡಚಲು ಇನ್ನೊಂದು ಜೊತೆ ಕೈ ಬೇಕು ಎಂದು ಫೋನ್ ಮಾಡಿದ್ದಳು. ಸೋಲಾಪುರದ ಚಾದರ ಒದ್ದೆಯಾದರೆ ಒಬ್ಬರು ಎತ್ತುವ ವಸ್ತುವಲ್ಲ. ಆ ಸಾಲಿನಲ್ಲಿ ನನ್ನದೂ ಒಂದಿತ್ತು. ಹೋದ ವರ್ಷ ಹಳೆಯ ವಿದ್ಯಾರ್ಥಿಗಳು ಸೇರಿ ನನಗೆ ಸತ್ಕಾರ ಮಾಡಿದ್ದರು. ಬೇರೆ ಊರಿನಲ್ಲಾದರೆ ಶಾಲು ಹೊದಿಸುತ್ತಾರೆ, ನಮ್ಮಲ್ಲಿ ಚಾದರ. ಶಾಲು ಹೊದ್ದವನು ಪಂಡಿತನಂತೆ ಕಾಣಬಹುದು, ಮೇ ತಿಂಗಳಲ್ಲಿ ಚಾದರ ಹೊದ್ದು ನಿಂತವನು ಚಳಿಜ್ವರ ಬಂದವನಂತೆ ಕಾಣುತ್ತಾನೆ. ಕಾಣದ್ದನ್ನು ಕಾಣಿಸಿಕೊಟ್ಟ ಗುರು ಎಂದು ಒಬ್ಬ ಭಾಷಣ ಮಾಡಿದ. ನಾನು ಬೆವರಿದೆ, ಎಲ್ಲರೂ ಬಿಸಿಲಿಗೆ ಎಂದುಕೊಂಡರು. ಆ ಚಾದರ ಮನೆಯಲ್ಲಿಟ್ಟುಕೊಳ್ಳಲು ಮನಸ್ಸಾಗದೆ ಅಕ್ಕನಿಗೆ ಕೊಟ್ಟುಬಿಟ್ಟಿದ್ದೆ.

ಮಾಳಿಗೆಯ ಮೇಲೆ ಹಗ್ಗದ ತುಂಬ ಚಾದರ. ಅಕ್ಕ ಹಗ್ಗದ ಆ ಕಡೆ, ನಾನು ಈ ಕಡೆ, ನಡುವೆ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಬಟ್ಟೆ.

"ತಮ್ಮಾ, ಆ ಕೆಂಪ ನವಿಲಿಂದು ತಗಿ, ಒಣಗ್ಯದ" ಎಂದಳು ಅಕ್ಕ.

"ಕೆಂಪ ನವಿಲಿಂದು ಎಲ್ಲದ ಅಕ್ಕಾ? ಇಲ್ಲಿರೂದು ಕರೀ ನವಿಲು."

"ನಿನ್ನ ಸತ್ಕಾರದ್ದೋ. ನನ್ನ ಮಾರಿ ಮುಂದೇ ಅದ. ಕರೀ ನೆಲದ ಮ್ಯಾಲ ಕೆಂಪ ನವಿಲು, ಬಲಕ್ಕ ನೋಡಾಕತ್ತದ."

"ನನ್ನ ಮಾರಿ ಮುಂದ ಕೆಂಪ ನೆಲದ ಮ್ಯಾಲ ಕರೀ ನವಿಲದ. ಎಡಕ್ಕ ನೋಡಾಕತ್ತದ. ಇದು ಬ್ಯಾರೆ."

ಹೀಗೆ ಸ್ವಲ್ಪ ಹೊತ್ತು ನಡೆಯಿತು. ನಾನು ಬೇರೆ ಚಾದರ ಹುಡುಕುತ್ತ ಹಗ್ಗದ ತುದಿಯವರೆಗೆ ಹೋಗಿ ಬಂದೆ. ಕೊನೆಗೆ ಅಕ್ಕ ಚಾದರದ ಅಂಚು ಎತ್ತಿ, ಅದರ ಕೆಳಗೆ ನುಸುಳಿ, ಸೊಂಟ ಹಿಡಿದುಕೊಂಡು ನನ್ನ ಪಕ್ಕ ಬಂದು ನಿಂತಳು. ನವಿಲನ್ನು ನೋಡಿದಳು, ನನ್ನನ್ನು ನೋಡಿದಳು.

"ಇಷ್ಟ ವರ್ಷ ಕಾಲೇಜಿನ್ಯಾಗ ಏನ ಕಲಿಸಿದ್ಯೋ ನೀ? ನವಿಲು ಎಲ್ಲಿ ಬದಲಾಗ್ಯದ? ನಾ ಆ ಕಡೆ ನಿಂತಿದ್ದೆ, ನೀ ಈ ಕಡೆ ನಿಂತೀದಿ. ಇಷ್ಟೇ."

ಹುಟ್ಟಿದಾಗಿನಿಂದ ಈ ಚಾದರಗಳನ್ನು ಹೊದ್ದು ಮಲಗಿದವನು ನಾನು. ಎರಡು ಬಣ್ಣದ ನೂಲು ಒಂದರ ಬೆನ್ನಿಗೆ ಒಂದು ನೇಯ್ದಿರುತ್ತಾರೆ, ಮುಂದಿನ ಕೆಂಪು ಹಿಂದೆ ಕಪ್ಪಾಗುತ್ತದೆ, ಮುಂದಿನ ಬಲ ಹಿಂದೆ ಎಡವಾಗುತ್ತದೆ. ಸೋಲಾಪುರದಲ್ಲಿ ಇದು ಹಾಲು ಕುಡಿಯುವ ಮಗುವಿಗೂ ಗೊತ್ತು. ಎರಡೂ ಒಟ್ಟಿಗೆ ಬದಲಾದರೆ ಅದೇ ಚಾದರ, ನೋಡುವವನು ಆಚೆ ಹೋಗಿದ್ದಾನೆ ಅಷ್ಟೇ. ಮುಖ ಅದೇ ದಿಕ್ಕಿಗಿದ್ದು ಬಣ್ಣ ಮಾತ್ರ ಬದಲಾಗಿದ್ದರೆ ಆಗ ಅದು ಬೇರೆ ಚಾದರ. ರೇಣುಕಾಳ ಹಾಳೆಯಲ್ಲಿ ಎಡದ ಗುಂಪು ಬಲಕ್ಕೆ ಹೋಗಿತ್ತು, ಬೆಣೆಯೂ ತುಂಡುಗೆರೆಯಾಗಿತ್ತು. ಎರಡೂ. ನಾನು ಒಂದನ್ನು ಮಾಫಿ ಮಾಡಿ ಇನ್ನೊಂದಕ್ಕೆ ಶಿಕ್ಷೆ ಕೊಟ್ಟಿದ್ದೆ. ಹುಡುಗಿ ಅಣುವಿನ ಬೆನ್ನ ಹಿಂದೆ ನಿಂತು, ಕಂಡದ್ದನ್ನು ಕಂಡ ಹಾಗೆ ಬರೆದಿದ್ದಳು.

ಅಲ್ಲೇ ಮಾಳಿಗೆಯ ಕಟ್ಟೆಯ ಮೇಲೆ ಕೂತೆ. ಬಹಳ ನಾಚಿಕೆಯಾಯಿತು. ಲೆಕ್ಕ ತಪ್ಪಿದ್ದಕ್ಕಲ್ಲ, ಲೆಕ್ಕ ಯಾರಿಗೂ ತಪ್ಪುತ್ತದೆ. ಆ ದಿನ ನಾಲ್ಕು ಹೆಜ್ಜೆ ಎದ್ದು ಹೋಗದೆ ಇದ್ದದ್ದಕ್ಕೆ. ರೆಕ್ಕೆಯ ಕುದುರೆಯ ಪಂಡಿತರನ್ನು ನೋಡಿ ಇಪ್ಪತ್ತೇಳು ವರ್ಷ ನಕ್ಕಿದ್ದೆ, ಆ ಕುರ್ಚಿಯಲ್ಲಿ ಈಗ ನಾನೇ ಕೂತಿದ್ದೆ. ಅಕ್ಕ ಗಾಬರಿಯಾಗಿ ನೀರು ತಂದುಕೊಟ್ಟಳು. ಚಾದರ ಒಂದು ದಿನಕ್ಕೆ ವಾಪಸ್ಸು ಬೇಕು ಎಂದೆ. ಕೊಟ್ಟ ಸಾಮಾನು ವಾಪಸ್ಸು ಕೇಳುವ ತಮ್ಮನನ್ನು ಅವಳು ಯಾವ ಕಣ್ಣಿನಿಂದ ನೋಡಿದಳು ಎಂಬುದನ್ನು ಬರೆಯುವುದಿಲ್ಲ.

ಸೋಮವಾರ ಬೇಗ ಕಾಲೇಜಿಗೆ ಹೋದೆ. ಸ್ಟಾಫ್ ರೂಮಿನ ಕಪಾಟಿನ ಮೇಲೆ ಆ ಬೆಂಡಿನ ಅಣು ಧೂಳು ಹಿಡಿದು ಕೂತಿತ್ತು. ಟೇಬಲ್ಲಿನ ಮೇಲಿಟ್ಟು ಈ ಕಡೆಯಿಂದ ನೋಡಿದೆ, ಆ ಕಡೆ ಹೋಗಿ ನೋಡಿದೆ. ಯಾರೂ ಇರಲಿಲ್ಲವಾದ್ದರಿಂದ ಪ್ರದಕ್ಷಿಣೆಯನ್ನೂ ಹಾಕಿದೆ. ಈ ಕಡೆಯಿಂದ ಕುಂಕುಮದ ಬೆಂಡು ನನ್ನ ಮೂಗಿನ ಕಡೆ ಬರುತ್ತಿತ್ತು, ಎಡಕ್ಕೆ. ಆ ಕಡೆ ಹೋದರೆ ಅದೇ ಬೆಂಡು ನನಗೆ ಬೆನ್ನು ಮಾಡಿ ಬಲಕ್ಕಿತ್ತು. ಅಷ್ಟು ಸರಳ. ಅವಳ ಮಾತನ್ನು ಪರೀಕ್ಷಿಸಲು ನನಗೆ ಬೇಕಾದದ್ದು ಬುದ್ಧಿಯಲ್ಲ, ಒಂದು ಜೊತೆ ಕಾಲು.

ತರಗತಿಯಲ್ಲಿ ಕಿಟಕಿಯ ಸರಳಿನಿಂದ ಬಾಗಿಲ ಚಿಲಕದವರೆಗೆ ಹಗ್ಗ ಕಟ್ಟಿ ಚಾದರ ಹಾಕಿದೆ. ಅರ್ಧ ಹುಡುಗರನ್ನು ಆ ಕಡೆ ಕಳಿಸಿ, ನವಿಲಿನ ಬಣ್ಣ ಯಾವುದು, ಯಾವ ಕಡೆ ನೋಡುತ್ತಿದೆ ಎಂದು ಕೇಳಿದೆ. ನಮ್ಮಕ್ಕ ಮತ್ತು ನಾನು ಇಬ್ಬರೇ ಆಡಿದ ಜಗಳವನ್ನು ಅರವತ್ತು ಜನ ಮರಾಠಿಯಲ್ಲಿ ಆಡಿದರು. ಗದ್ದಲ ಇಳಿದ ಮೇಲೆ ಬೋರ್ಡಿನ ಮೇಲೆ ನನ್ನ ಉತ್ತರ, ಅದರ ಪಕ್ಕ ರೇಣುಕಾಳ ಉತ್ತರ ಬರೆದೆ. ಇವೆರಡೂ ಒಂದೇ ಅಣು, ತಪ್ಪು ಹಾಕಿದವನು ನಾನು, ಅವಳು ತಂದು ತೋರಿಸಿದಾಗಲೂ ಏಳದೆ ಕೂತವನು ನಾನು ಎಂದೆ. ಬಾಯಿಗೆ ಬಂದಿದ್ದು ಅಲ್ಲಿಗೆ ನಿಲ್ಲಲಿಲ್ಲ. ಚಿತ್ರ ನೋಡಿದ ಕೂಡಲೇ ಅಣು ಎದ್ದು ನಿಲ್ಲುತ್ತದಲ್ಲ, ಅದು ನನಗೆ ಇವತ್ತಿನವರೆಗೆ ಕಂಡಿಲ್ಲ ಎಂದೂ ಹೇಳಿಬಿಟ್ಟೆ.

ಹಿಂದಿನ ಬೆಂಚಿನಿಂದ ಒಬ್ಬ ಮೆಲ್ಲಗೆ, "ಸರ್, ಆಮ್ಹಾಲಾ ಪಣ ದಿಸತ ನಾಹಿ" ಎಂದ, ನಮಗೂ ಕಾಣುವುದಿಲ್ಲ ಎಂದು. ಅವನ ಪಕ್ಕದವನು ತನಗೂ ಇಲ್ಲ ಎಂದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಇಪ್ಪತ್ತೇಳು ವರ್ಷ ಅಲ್ಲಾಡಿದ ಆ ತಲೆಗಳೆಲ್ಲ ನನ್ನ ಮೇಲಿನ ಮರ್ಯಾದೆಗೆ ಅಲ್ಲಾಡಿದ್ದವು. ನನಗೆ ನಗು ತಡೆಯಲಾಗಲಿಲ್ಲ, ಅವರಿಗೂ.

ರೇಣುಕಾ ಮಾತ್ರ ನಕ್ಕಿರಲಿಲ್ಲ. ತರಗತಿ ಮುಗಿದ ಮೇಲೆ ಚಾದರ ಮಡಚಲು ಒಂದು ತುದಿ ಹಿಡಿದುಕೊಂಡಳು. ನಿನಗಾದರೂ ಕಾಣುತ್ತದಲ್ಲ, ನನಗೆ ಅದೇ ಸಂತೋಷ ಎಂದೆ.

"ನನಗೆಲ್ಲಿ ಕಾಣಸ್ತೈತ್ರಿ ಸರ್?" ಎಂದಳು. "ಕಾಣಸೂದಿಲ್ಲಂತನೇ ಬೆಂಡಿಲೆ ಮಾಡಿದ್ನಿ. ಕಂಡಿದ್ರ ಯಾಕ ಮಾಡ್ತಿದ್ದೆ?"

ನಾನು ಕಾಣುವುದಿಲ್ಲ ಎಂಬುದನ್ನು ಮುಚ್ಚಿಡಲು ಖರ್ಚು ಮಾಡಿದ ವರ್ಷಗಳನ್ನು ಅವಳು ಒಂದು ದಂಟು ಸುಲಿಯುವುದರಲ್ಲಿ ಮುಗಿಸಿದ್ದಳು. ಚಾದರದ ಕೊನೆಯ ಮಡಿಕೆ ಹಾಕುತ್ತ, ಸಸ್ಯಶಾಸ್ತ್ರದ ಫಾರ್ಮು ಏನು ಮಾಡಿದೆ ಎಂದು ಕೇಳಿದೆ.

"ಇನ್ನಾ ಕೊಟ್ಟಿಲ್ರಿ, ಚೀಲದಾಗೈತಿ. ಮುಂದಿನ ವರ್ಷ ಪರೀಕ್ಷಾಕ್ಕ ಬೆಂಡು ತರಾಕ ಬಿಡ್ತೀರೇನ್ರಿ?"

"ತಾ. ನನಗೂ ಒಂದ ಸಿವುಡ ದಂಟು ತಾ" ಎಂದೆ. ಅವಳು ಚೀಲದಿಂದ ಆ ಫಾರ್ಮು ತೆಗೆದು ನಾಲ್ಕು ಮಡಿಕೆ ಮಾಡಿ ಹರಿದಳು.

ಉಳಿದದ್ದು ಹಾಳೆ. ಇಬ್ಬರೂ ಸ್ಟಾಫ್ ರೂಮಿಗೆ ಬಂದೆವು, ಅವಳು ಅದನ್ನು ನನ್ನ ಟೇಬಲ್ಲಿನ ಮೇಲಿಟ್ಟಳು. ನಮ್ಮಲ್ಲಿ ಹಾಕಿದ ಗುರುತನ್ನು ಅಳಿಸುವಂತಿಲ್ಲ, ಪಕ್ಕದಲ್ಲಿ ಹೊಸದು ಹಾಕಿ ಸಹಿ ಮಾಡಬೇಕು. ಕಾಟಿನ ಪಕ್ಕದಲ್ಲಿ ಸರಿ ಗುರುತು ಎಳೆದು, ಸಹಿ ಹಾಕಿ, ಮಸಿ ಒಣಗಲೆಂದು ಎತ್ತಿ ಹಿಡಿದೆ. ತೆಳು ಕಾಗದ, ಕೆಂಪು ಮಸಿ ಹಿಂದಿನವರೆಗೆ ಇಳಿದಿತ್ತು. ಈಗ ಹಿಂದಿನ ಮಗ್ಗುಲು ನೋಡದೆ ಬಿಡುವವನಲ್ಲ ನಾನು, ಹಾಳೆ ಹೊಳ್ಳಿಸಿದೆ. ಕಾಟು ಮುಂದೆ ಹೇಗಿತ್ತೋ ಹಿಂದೆಯೂ ಹಾಗೇ ಇತ್ತು. ಸರಿ ಗುರುತು ಮಾತ್ರ ತಿರುವಿಕೊಂಡು ಸೊಟ್ಟಗೆ ಕಾಣುತ್ತಿತ್ತು. ತಪ್ಪು ಎನ್ನುವುದಕ್ಕೆ ಎಲ್ಲಿ ನಿಂತರೂ ನಡೆಯುತ್ತದೆ, ಅದಕ್ಕೇ ಇರಬೇಕು ಕೂತಲ್ಲಿಂದ ಏಳದೆ ನಾನು ಅಷ್ಟು ಕಾಟು ಹಾಕಿದ್ದು. ಸರಿ ಎನ್ನಬೇಕಾದರೆ ಎದುರಿಗಿದ್ದವರು ಯಾವ ಕಡೆ ನಿಂತಿದ್ದಾರೆ ನೋಡಬೇಕಾಗುತ್ತದೆ. ರೇಣುಕಾ ಟೇಬಲ್ಲಿನ ಆ ಕಡೆ ನಿಂತಿದ್ದಳು. ನಾನು ಎದ್ದು, ನಾಲ್ಕು ಹೆಜ್ಜೆ ನಡೆದು ಅವಳ ಪಕ್ಕ ಹೋಗಿ, ಅವಳಿಗೆ ನೆಟ್ಟಗೆ ಕಾಣುವ ಹಾಗೆ ಹಾಳೆ ತಿರುಗಿಸಿ ಕೈಗೆ ಕೊಟ್ಟೆ.